ಕಟ್ಟಿದ ಮೂಗಿನ ಜಮಾ-ಖರ್ಚು

ನಮ್ಮ ಠಾಣೆಯ ಕೋಪರಿಯಲ್ಲಿ ಮಳೆಗಾಲ ಬಂತೆಂದರೆ ಮೂರು ವಿಷಯ ಗ್ಯಾರಂಟಿ: ಲೋಕಲ್ ಟ್ರೇನು ತಡ, ಗೋಡೆಗೆ ಬೂಷ್ಟು, ಮನೆಮಂದಿಗೆಲ್ಲ ಮೂಗು ಕಟ್ಟುವುದು. ಊರಿಗೆ ಫೋನ್ ಮಾಡಿದರೆ "ಅಲ್ಲಿಯ ನೀರು ಹಿಡಿಸಲಿಲ್ಲ" ಅನ್ನುತ್ತಾರೆ. ಮೂವತ್ತು ವರ್ಷವಾದರೂ ಹಿಡಿಸದ ನೀರು ಅದೆಂಥದೋ!

ಈ ಕಾರಣ ಹುಡುಕುವ ಚಾಳಿ ಹಳೆಯದು. ನಾನು ಬಿಕಾಂ ಓದಿದವನು, ಡಾಕ್ಟರಲ್ಲ. ಆದರೂ ಹಳೆಯ ಲೆಕ್ಕ ತಿರುವಿ ನೋಡುವುದು ನನ್ನ ಅಭ್ಯಾಸ.

ಸುಶ್ರುತ ಸಂಹಿತೆಯ ಉತ್ತರತಂತ್ರ 'ಪ್ರತಿಶ್ಯಾಯ'ಕ್ಕೆ ಹೊಗೆ, ಧೂಳು, ಶೀತಗಳನ್ನೂ ಕಾರಣವಾಗಿ ಹೇಳಿದೆ. ನಮ್ಮ ಅಜ್ಜಿಯರು 'ಪೀನಸ' ಅನ್ನುತ್ತಿದ್ದುದೂ ಆಯುರ್ವೇದದ್ದೇ ಪದ. ಅತ್ತ ಯುರೋಪಿನಲ್ಲಿ, ಸಿಂಬಳ ಮೆದುಳಿನಿಂದ ಸೋರಿ ಬರುತ್ತದೆಂದು ಗ್ಯಾಲನ್ ಕಾಲದಿಂದಲೂ ನಂಬಿದ್ದರು. 'ಪಿಟ್ಯುಟರಿ' ಗ್ರಂಥಿಯ ಹೆಸರಿಗೆ ಮೂಲ ಕಫ ಎಂಬರ್ಥದ ಲ್ಯಾಟಿನ್ ಪದ! 1660ರ ದಶಕದಲ್ಲಿ ಜರ್ಮನಿಯ ಕಾನ್ರಾಡ್ ಶ್ನೈಡರ್, ಅದು ಮೂಗಿನ ಒಳಪೊರೆಯಲ್ಲೇ ಹುಟ್ಟುತ್ತದೆಂದು ತೋರಿಸಿಕೊಟ್ಟ.

1819ರಲ್ಲಿ ಲಂಡನ್ನಿನ ಡಾಕ್ಟರ್ ಜಾನ್ ಬೋಸ್ಟಾಕ್ ಪ್ರತಿ ಬೇಸಿಗೆಯಲ್ಲಿ ತನ್ನನ್ನೇ ಕಾಡುತ್ತಿದ್ದ ಮೂಗಿನ ಕಾಯಿಲೆಯನ್ನು ವರ್ಣಿಸಿದ. 1873ರಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಅದಕ್ಕೆ ಹೂವಿನ ಪರಾಗ ಕಾರಣವೆಂದು ತನ್ನ ಮೇಲೆಯೇ ಪ್ರಯೋಗ ಮಾಡಿ ಹೇಳಿದ. 1950ರ ದಶಕದಲ್ಲಿ ನೆಗಡಿಯ ರೈನೋವೈರಸ್ ಪತ್ತೆಯಾಯಿತು. 1964ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ವೂರ್‌ಹಾರ್ಸ್ಟ್ ತಂಡದವರು ಮನೆಯ ಧೂಳಿನಲ್ಲಿರುವ, ಕಣ್ಣಿಗೆ ಕಾಣದ ಹುಳದತ್ತ ಬೆರಳು ತೋರಿಸಿದರು. ಈ ಹುಳಕ್ಕೆ ತೇವ ಬೇಕು; ಹಾಸಿಗೆ, ದಿಂಬು ಅದರ ಮನೆ. ನಮ್ಮ ಮಳೆಗಾಲದ ಫ್ಲ್ಯಾಟು ಅದಕ್ಕೆ ಸ್ವರ್ಗವಲ್ಲವೇ?

ಇನ್ನೊಂದು ಮಾತು. ಮೂಗು ಕಟ್ಟುವುದು ಬರೀ ಸಿಂಬಳದಿಂದಲ್ಲ, ಒಳಗಿನ ರಕ್ತನಾಳಗಳು ಉಬ್ಬುವುದರಿಂದ. ಅದಕ್ಕೇ ಎಷ್ಟು ಸೀನಿದರೂ ದಾರಿ ಬಿಡುವುದಿಲ್ಲ. ಮೂಗಿಗೆ ಬಿಡುವ ಡ್ರಾಪ್ಸ್ ಆ ನಾಳಗಳನ್ನು ಕುಗ್ಗಿಸುತ್ತದೆ. ಆದರೆ ನಾಲ್ಕೈದು ದಿನ ಮೀರಿ ಬಿಟ್ಟುಕೊಂಡರೆ ಅವು ಮತ್ತಷ್ಟು ಉಬ್ಬಬಹುದು. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ಪರಿಚಯದವರೊಬ್ಬರು ಮಗನ ಮೂಗಿನ ಸಲುವಾಗಿ ಫ್ಲ್ಯಾಟು ಮಾರಿ ಕುಂದಾಪುರಕ್ಕೆ ಹೊರಟಿದ್ದರು. "ಅಲ್ಲೇನು ತೇವ ಕಮ್ಮಿಯೇ ಮಾರಾಯ್ರೇ? ಮೊದಲು ಹುಡುಗನಿಗೆ ಅಲರ್ಜಿಯೋ, ಮೂಗಿನ ಮೂಳೆ ಸೊಟ್ಟವೋ, ಡಾಕ್ಟರಿಗೆ ತೋರಿಸಿ" ಎಂದೆ. ತೋರಿಸಿದರು; ಧೂಳಿನ ಅಲರ್ಜಿಯಂತೆ. ಈಗ ದಿಂಬಿನ ಕವರು, ಹೊದಿಕೆಗಳಿಗೆ ವಾರಕ್ಕೊಮ್ಮೆ ಬಿಸಿನೀರಿನ ಸ್ನಾನ. ಹುಡುಗ ಪೂರ್ತಿ ಗುಣವಾಗಿಲ್ಲ, ಆದರೆ ರಾತ್ರಿ ನಿದ್ದೆ ಮಾಡುತ್ತಾನೆ. ಫ್ಲ್ಯಾಟೂ ಉಳಿಯಿತು.