ಕಥೆ ಹೆಣೆಯುವ ಯಂತ್ರ

ಲಿಲಿಪುಟ್ಟಿನ ಕುಳ್ಳರನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಅದೇ ಪುಸ್ತಕದಲ್ಲಿ ಬರುವ ಲಗಾಡೋ ನಗರದ ಪಂಡಿತನನ್ನು ಬಲ್ಲವರು ವಿರಳ. ಜೋನಾಥನ್ ಸ್ವಿಫ್ಟನು 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಕಥೆಯಲ್ಲಿ ಈ ಮಹಾಶಯನು 20 ಅಡಿ ಚೌಕದ ಚೌಕಟ್ಟೊಂದನ್ನು ನಿಲ್ಲಿಸಿಕೊಂಡಿದ್ದಾನೆ. ಅದರ ತುಂಬ ಮರದ ತುಂಡುಗಳು. ತುಂಡುಗಳ ಮೇಲೆ ಅವನ ಭಾಷೆಯ ಶಬ್ದಗಳೆಲ್ಲ. ಸುತ್ತ 40 ಕಬ್ಬಿಣದ ಹಿಡಿಗಳು. ಶಿಷ್ಯರು ಹಿಡಿ ತಿರುಗಿಸಿದೊಡನೆ ಶಬ್ದಗಳು ಅದಲುಬದಲಾಗುತ್ತವೆ. 36 ಮಂದಿ ಅವನ್ನು ಓದಿ, ಮೂರು ನಾಲ್ಕು ಮಾತು ಕೂಡಿ ವಾಕ್ಯದಂತೆ ತೋರಿದಲ್ಲಿ ಉಳಿದ ನಾಲ್ವರಿಂದ ಬರೆಯಿಸುತ್ತಾರೆ. ದಿನಕ್ಕೆ ಆರು ಗಂಟೆ ಇದೇ ದುಡಿಮೆ! ಪ್ರತಿಭೆಯೂ ವ್ಯಾಸಂಗವೂ ಇಲ್ಲದವನು ಅಲ್ಪ ಖರ್ಚಿನಲ್ಲಿ ಕಾವ್ಯ, ಶಾಸ್ತ್ರಗಳನ್ನು ಬರೆಯಬಹುದೆಂದು ಪಂಡಿತನ ಹೆಮ್ಮೆ.

ಸ್ವಿಫ್ಟನಿಗೆ ಇದು ಪರಿಹಾಸ್ಯ. 1952ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಕ್ರಿಸ್ಟೋಫರ್ ಸ್ಟ್ರೇಚಿ ಎಂಬಾತನು ಅದನ್ನೇ ಹೆಚ್ಚು ಕಡಿಮೆ ನಿಜ ಮಾಡಿದನು. ಅಲ್ಲಿನ ಗಣಕಯಂತ್ರಕ್ಕೆ ವಾಕ್ಯದ ಒಂದೆರಡು ಅಚ್ಚುಗಳನ್ನೂ ಒಲವಿನ ಮಾತುಗಳ ಪಟ್ಟಿಯನ್ನೂ ಕೊಟ್ಟನು. ಚೀಟಿ ಎತ್ತಿದಂತೆ ಮಾತು ಆರಿಸಿ, ಯಂತ್ರವು ಪ್ರೇಮಪತ್ರಗಳನ್ನು ಹೊರಹಾಕಿತು. ಕೆಳಗೆ ವಿಶ್ವವಿದ್ಯಾನಿಲಯದ ಗಣಕದ ಸಹಿ! ಇನಿಯಳಿಲ್ಲದ ಇನಿಯನ ಓಲೆಗೆ ಉತ್ತರ ಬರೆಯುವ ತೊಂದರೆ ಯಾರಿಗೂ ಇರಲಿಲ್ಲ.

ಮರುವರ್ಷವೇ ಕಥೆಗಾರ ರೋಆಲ್ಡ್ ಡಾಲ್ ಈ ವಿನೋದದ ಹಿಂದಿನ ವ್ಯಾಪಾರವನ್ನು ಕಂಡನು. ಅವನ ಸಣ್ಣಕತೆಯೊಂದರಲ್ಲಿ, ಪತ್ರಿಕೆಗಳಿಗೆ ಕಥೆ ಒದಗಿಸುವ ಯಂತ್ರವನ್ನು ಕಟ್ಟಿದಾತನು ಲೇಖಕರ ಮನೆ ಮನೆಗೆ ಕರಾರುಪತ್ರ ಹಿಡಿದು ಹೋಗುತ್ತಾನೆ. ಇನ್ನು ಮುಂದೆ ಬರೆಯಕೂಡದು, ಹೆಸರನ್ನು ಮಾತ್ರ ಕೊಡಬೇಕು, ಹಣ ಬರುತ್ತದೆ. ಮಕ್ಕಳು ಹಸಿದಿರುವ ಲೇಖಕನು ಏನು ಮಾಡಬೇಕು? ಯಂತ್ರವು ಚೆನ್ನಾಗಿ ಬರೆದೀತೇ ಎಂಬ ಪ್ರಶ್ನೆಗಿಂತ ಇದು ಕಠಿಣವಾದದ್ದು.

ಆದರೆ ಯಂತ್ರ ನಿಜವಾಗಿ ಬಂದಾಗ, ಹೆಸರುಳ್ಳವರಿಗಿಂತ ಮೊದಲು ಹೆಸರಿಲ್ಲದವರ ದಾರಿ ಕಟ್ಟಿತು. 2022ರ ನವೆಂಬರಿನಲ್ಲಿ ಹೊರಬಂದ ಚಾಟ್‌ಜಿಪಿಟಿಯು ಮನುಷ್ಯರ ಅಪಾರ ಬರಹವನ್ನು ಅರಗಿಸಿಕೊಂಡು, ಯಾವ ಮಾತಿನ ಬಳಿಕ ಯಾವ ಮಾತು ಬಂದೀತೆಂದು ಲೆಕ್ಕ ಹಾಕುವಂಥದು. ಕ್ಲಾರ್ಕ್ಸ್‌ವರ್ಲ್ಡ್ ಎಂಬ ಅಮೆರಿಕದ ವಿಜ್ಞಾನಕಥಾ ಪತ್ರಿಕೆಯು ಹೊಸಬರ ಕಥೆಗಳನ್ನೂ ಓದಿ, ಪದಕ್ಕಿಷ್ಟೆಂದು ಸಂಭಾವನೆ ಕೊಡುತ್ತದೆ. 2023ರ ಫೆಬ್ರವರಿ 20ರ ಹೊತ್ತಿಗೆ, ಆ ಒಂದು ತಿಂಗಳಲ್ಲೇ ಸುಮಾರು 500 ಯಂತ್ರಲಿಖಿತ ಕಥೆಗಳು ಬಂದು ಬಿದ್ದಿದ್ದುವು. ಕಳುಹಿಸಿದವರಲ್ಲಿ ಹಲವರು ಸುಲಭ ಸಂಪಾದನೆಯ ಉಪದೇಶ ಕೇಳಿ ಬಂದವರೆಂದು ಸಂಪಾದಕ ನೀಲ್ ಕ್ಲಾರ್ಕ್ ಕಂಡುಕೊಂಡರು. ಅಂದೇ ಕಥೆ ಸ್ವೀಕರಿಸುವುದನ್ನು ನಿಲ್ಲಿಸಿದರು. ಇನ್ನೊಂದು ಪತ್ರಿಕೆ ‘ಆಸಿಮೋವ್ಸ್’ಗೆ ‘ಕೊನೆಯ ಆಸೆ’ ಎಂಬ ಒಂದೇ ಶೀರ್ಷಿಕೆಯ ಕಥೆಗಳು ಬೇರೆ ಬೇರೆ ಹೆಸರಿನಲ್ಲಿ ಸಾಲುಗಟ್ಟಿ ಬಂದುವು.

ಕಥೆಗಳು ಕಳಪೆಯೆಂಬುದು ದೊಡ್ಡ ಮಾತಲ್ಲ. ಮನುಷ್ಯರೂ ಧಾರಾಳವಾಗಿ ಕಳಪೆ ಬರೆಯುತ್ತಾರೆ. ಆದರೆ ಹೊಸಬನೊಬ್ಬನ ತಡವರಿಸುವ ಕಥೆಯಲ್ಲಿ ಅವನಿಗೆ ಹೇಳಲೇಬೇಕಾದದ್ದೊಂದು ಇರುತ್ತದೆ. ಅದನ್ನು ಹುಡುಕಲೆಂದೇ ಸಂಪಾದಕನು ನೂರು ಕಟ್ಟು ಬಿಚ್ಚುತ್ತಾನೆ. ಯಂತ್ರದ ರಾಶಿಯಲ್ಲಿ ಸೋರಿಹೋಗುವುದು ಈ ತಾಳ್ಮೆಯೇ. ಅದೇ ಸೆಪ್ಟೆಂಬರಿನಲ್ಲಿ ಅಮೆಜಾನ್ ಸಂಸ್ಥೆಯು, ತನ್ನ ಮೂಲಕ ಸ್ವಂತವಾಗಿ ಪ್ರಕಟಿಸುವವರು ದಿನಕ್ಕೆ 3 ಹೊಸ ಪುಸ್ತಕಗಳನ್ನು ಮೀರಬಾರದೆಂದು ಮಿತಿ ಹಾಕಿತು. ದಿನಕ್ಕೆ ಮೂರು!

ಕ್ಲಾರ್ಕ್ಸ್‌ವರ್ಲ್ಡ್ ಮರುತಿಂಗಳು ಬಾಗಿಲು ತೆರೆಯಿತು. ಅಷ್ಟರಲ್ಲಿ ಎಷ್ಟು ಮಂದಿ ಹೊಸಬರು ಬಾಗಿಲು ತಟ್ಟಿ ಹಿಂದಿರುಗಿದ್ದರೋ, ಅದನ್ನು ಯಾವ ಗಣಕವೂ ಎಣಿಸಲಿಲ್ಲ.