ಆಟದ ಪೆಟ್ಟಿಗೆಗಳ ಪೈಪೋಟಿ

ಗ್ರಾಮಾಫೋನ್ ಇದ್ದ ಮನೆಯವರಿಗೆಲ್ಲ ಒಂದು ಮಾತು ಚೆನ್ನಾಗಿ ತಿಳಿದಿತ್ತು. ಪೆಟ್ಟಿಗೆಯನ್ನು ಕೊಳ್ಳುವುದು ಒಂದೇ ಸಲ. ಪ್ಲೇಟುಗಳನ್ನು ಮಾತ್ರ ಕೊಳ್ಳುತ್ತಲೇ ಇರಬೇಕು. ಒಳ್ಳೆಯ ಪ್ಲೇಟುಗಳಿಲ್ಲದ ಪೆಟ್ಟಿಗೆ, ಎಷ್ಟು ಬೆಲೆಬಾಳುವುದಾದರೂ, ಮೂಲೆ ಸೇರುತ್ತದೆ. ಟೆಲಿವಿಷನ್ನಿಗೆ ಜೋಡಿಸಿ ಆಡುವ 'ಕನ್ಸೋಲ್' ಎಂಬ ಯಂತ್ರಗಳ ಅರ್ಧ ಶತಮಾನದ ಚರಿತ್ರೆ ಈ ಮಾತಿನ ವಿಸ್ತಾರವೇ ಆಗಿದೆ.

ಇದರ ಮೂಲಪುರುಷರು ರಾಲ್ಫ್ ಬೇಯರ್. ಇವರು ಜರ್ಮನಿಯಲ್ಲಿ ಹುಟ್ಟಿ, ನಾಜಿಗಳ ಕಾಟದಿಂದ ಪಾರಾಗಿ ೧೯೩೮ರಲ್ಲಿ ಅಮೆರಿಕ ಸೇರಿದ ಯಹೂದಿ. ಟೆಲಿವಿಷನ್ನನ್ನು ಬರಿದೆ ನೋಡುತ್ತ ಕೂರುವುದಕ್ಕಿಂತ ಅದರೊಡನೆ ಆಡಬಾರದೇಕೆ ಎಂಬ ಯೋಚನೆ ಇವರಿಗೆ ಹೊಳೆದದ್ದು ೧೯೬೬ರಲ್ಲಿ. ಇವರ ಯಂತ್ರವನ್ನು ಮ್ಯಾಗ್ನವಾಕ್ಸ್ ಕಂಪನಿ ೧೯೭೨ರಲ್ಲಿ 'ಒಡಿಸ್ಸಿ' ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಅಟಾರಿ ಕಂಪನಿ 'ಪಾಂಗ್' ಎಂಬ, ಟೇಬಲ್ ಟೆನಿಸ್ಸಿನಂಥ ಆಟವನ್ನು ಹೊರತಂದಿತು. ತನ್ನ ಪೇಟೆಂಟಿಗೆ ಭಂಗ ಬಂತೆಂದು ಮ್ಯಾಗ್ನವಾಕ್ಸ್ ದಾವೆ ಹೂಡಿತು, ೧೯೭೬ರಲ್ಲಿ ರಾಜಿಯಾಯಿತು. ಈ ಉದ್ಯಮವೂ ಅದರ ವ್ಯಾಜ್ಯವೂ ಅವಳಿಗಳೆನ್ನಬೇಕು.

ಫೇರ್‌ಚೈಲ್ಡ್ ಕಂಪನಿ ಹಿಂದಿನ ವರ್ಷ ತೋರಿಸಿದ ದಾರಿಯನ್ನೇ ಹಿಡಿದು ೧೯೭೭ರಲ್ಲಿ ಅಟಾರಿ ಹೊರತಂದ ಯಂತ್ರದಲ್ಲಿ, ಪ್ಲೇಟು ಬದಲಾಯಿಸುವಂತೆ ಆಟದ ಕಾರ್ಟ್ರಿಜ್ಜನ್ನು ಬದಲಾಯಿಸಬಹುದಾಗಿತ್ತು. ಗೆಲುವು ಬಂತು, ಅದರ ಬೆನ್ನಿಗೇ ಗರ್ವವೂ ಬಂತು. ಆಟ ರಚಿಸಿದವರಿಗೆ ಅಲ್ಲಿ ಹೆಸರೂ ಇಲ್ಲ, ಲಾಭದಲ್ಲಿ ಪಾಲೂ ಇಲ್ಲ. ನೊಂದ ನಾಲ್ವರು ಹೊರಬಂದು ೧೯೭೯ರಲ್ಲಿ 'ಆಕ್ಟಿವಿಷನ್' ಸಂಸ್ಥೆ ಕಟ್ಟುವುದರಲ್ಲಿ ಪಾಲುಗೊಂಡರು. ಅವರ ಯಶಸ್ಸನ್ನು ಕಂಡು ಬಲ್ಲವರೂ ಬಾರದವರೂ ಆಟಗಳ ತಯಾರಿಕೆಗೆ ಇಳಿದರು. ಕಾಳಿಗಿಂತ ಜೊಳ್ಳು ಹೆಚ್ಚಿತು. ಕೊಳ್ಳುವವರು ಬೇಸತ್ತರು. ೧೯೮೩ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿದುಬಿತ್ತು. ಉಳಿದುಹೋದ ಸರಕನ್ನು ಅಟಾರಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೋ ಎಂಬಲ್ಲಿ ಕಸದ ಗುಂಡಿಗೆ ಹಾಕಿ ಹೂಳಿತು. ಇದು ಕಟ್ಟುಕತೆಯೆಂದು ನಂಬಿದವರೂ ಇದ್ದರು. ೨೦೧೪ರಲ್ಲಿ ಅಗೆದಾಗ ಕಾರ್ಟ್ರಿಜ್ಜುಗಳು ನಿಜವಾಗಿಯೂ ಸಿಕ್ಕವು.

ಬಿದ್ದ ಉದ್ಯಮವನ್ನು ಎತ್ತಿದ್ದು ಜಪಾನಿನ ನಿಂಟೆಂಡೊ. ೧೮೮೯ರಲ್ಲಿ ಕ್ಯೋಟೋದಲ್ಲಿ ಹೂವಿನ ಚಿತ್ರದ ಆಟದೆಲೆಗಳನ್ನು ತಯಾರಿಸಲು ಹುಟ್ಟಿದ ಮನೆತನದ ಕಂಪನಿ ಇದು. ೧೯೮೩ರಲ್ಲಿ ಜಪಾನಿನಲ್ಲಿ ಬಂದ ಅದರ ಯಂತ್ರ ೧೯೮೫ರಲ್ಲಿ ಅಮೆರಿಕಕ್ಕೆ ಹೋಯಿತು. ಒಪ್ಪಿಗೆಯಿಲ್ಲದ ಆಟಗಳು ನಡೆಯದಂತೆ ಅದರೊಳಗೊಂದು ಬೀಗದ ಚಿಪ್ಪನ್ನು ಇಟ್ಟಿದ್ದರು. ಒಬ್ಬ ಪ್ರಕಾಶಕ ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ಹೊರತರುವಂತಿರಲಿಲ್ಲ. ಜೊಳ್ಳು ತಗ್ಗಿತು, ನಿಜ. ಆದರೆ ಶಿಸ್ತು ಬರಬರುತ್ತ ಆಟ ತಯಾರಿಸುವವರ ಪಾಲಿಗೆ ಸಂಕೋಲೆಯಾಯಿತು.

ಈ ನಿಂಟೆಂಡೊ ತನ್ನ ಪ್ರಬಲ ಶತ್ರುವನ್ನು ತಾನೇ ಸೃಷ್ಟಿಸಿಕೊಂಡದ್ದು ಸ್ವಾರಸ್ಯದ ಸಂಗತಿ. ಅದರ ಯಂತ್ರಕ್ಕೆ ಕಾಂಪ್ಯಾಕ್ಟ್ ಡಿಸ್ಕ್ ಜೋಡಿಸುವ ಕೆಲಸದಲ್ಲಿ ಸೋನಿ ಪಾಲುದಾರನಾಗಿತ್ತು. ೧೯೯೧ರ ಜೂನಿನಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಸೋನಿ ಇದನ್ನು ಪ್ರಕಟಿಸಿತು. ಡಿಸ್ಕಿನ ಹಕ್ಕುಗಳು ಕೈತಪ್ಪುವ ಭಯದಿಂದ ನಿಂಟೆಂಡೊ ಮರುದಿನವೇ ತಾನು ಫಿಲಿಪ್ಸ್ ಕಂಪನಿಯೊಡನೆ ಕೂಡುವುದಾಗಿ ಸಾರಿತು. ಅವಮಾನಗೊಂಡ ಸೋನಿ ಎಂಜಿನಿಯರ್ ಕೆನ್ ಕುಟರಗಿಯವರ ಹಟಕ್ಕೆ ಮಣಿದು ೧೯೯೪ರಲ್ಲಿ ಸ್ವಂತ 'ಪ್ಲೇಸ್ಟೇಷನ್' ತಂದಿತು. ಡಿಸ್ಕು ಅಗ್ಗ, ಕಾರ್ಟ್ರಿಜ್ಜು ತುಟ್ಟಿ. ನಿಂಟೆಂಡೊವಿನ ಹಳೆಯ ಒಡನಾಡಿ ಸ್ಕ್ವೇರ್ ಕೂಡ ೧೯೯೭ರಲ್ಲಿ ತನ್ನ 'ಫೈನಲ್ ಫ್ಯಾಂಟಸಿ' ಮಾಲೆಯ ಏಳನೆಯ ಆಟವನ್ನು ಸೋನಿಗೆ ಕೊಟ್ಟಿತು. ಪ್ಲೇಸ್ಟೇಷನ್ ಹತ್ತು ಕೋಟಿಗೂ ಮೀರಿ ಮಾರಾಟವಾಯಿತು; ನಿಂಟೆಂಡೊವಿನ ಅಂದಿನ ಯಂತ್ರ ಮೂರೂಕಾಲು ಕೋಟಿಯ ಆಸುಪಾಸಿನಲ್ಲಿ ನಿಂತಿತು.

೨೦೦೧ರಲ್ಲಿ ಸೇಗಾ ಕಂಪನಿ ಯಂತ್ರಗಳ ಕಣದಿಂದ ಹಿಂದೆ ಸರಿಯಿತು. ಅದೇ ವರ್ಷ ಮೈಕ್ರೋಸಾಫ್ಟ್ 'ಎಕ್ಸ್‌ಬಾಕ್ಸ್' ಹಿಡಿದು ಕಣಕ್ಕಿಳಿಯಿತು. ೨೦೦೬ರಲ್ಲಿ ನಿಂಟೆಂಡೊ ತಂದ 'ವೀ' ಶಕ್ತಿಯಲ್ಲಿ ಎದುರಾಳಿಗಳಿಗೆ ಸಾಟಿಯಲ್ಲ. ಆದರೂ ಕೈಯಾಡಿಸಿ ಆಡುವ ಅದರ ಸುಲಭ ಆಟಗಳಿಗೆ ಮನೆಮಂದಿಯೆಲ್ಲ ಮರುಳಾಗಿ, ಮಾರಾಟ ಹತ್ತು ಕೋಟಿ ದಾಟಿತು.

ಇನ್ನು ಮುಂದೇನು? ಮನೆಯಲ್ಲಿ ಪೆಟ್ಟಿಗೆಯೇ ಬೇಡ, ಆಟವನ್ನು ಇಂಟರ್ನೆಟ್ಟಿನಲ್ಲೇ ಕಳುಹಿಸುತ್ತೇವೆಂದು ೨೦೧೯ರಲ್ಲಿ ಹೊರಟ ಗೂಗಲ್‌ನ 'ಸ್ಟೇಡಿಯಾ' ೨೦೨೩ರ ಜನವರಿಯಲ್ಲಿ ಮುಚ್ಚಿತು. ಅದೇ ವರ್ಷ ಮೈಕ್ರೋಸಾಫ್ಟ್ ಸುಮಾರು ೬,೯೦೦ ಕೋಟಿ ಡಾಲರು ತೆತ್ತು ಒಂದು ಆಟದ ಸಂಸ್ಥೆಯನ್ನು ಕೊಂಡಿತು. ಅದೇ, ಅಂದು ನಾಲ್ವರು ನೊಂದು ಹೊರಬಂದು ಕಟ್ಟಿದ ಆಕ್ಟಿವಿಷನ್ನಿನ ಕುಡಿ! ೨೦೨೪ರಿಂದ ಅದು ತನ್ನ ಕೆಲವು ಆಟಗಳನ್ನು ಎದುರಾಳಿಗಳ ಯಂತ್ರಗಳಿಗೂ ಕೊಡತೊಡಗಿತು. ಯಂತ್ರಕ್ಕಿಂತ ಆಟವೇ ದೊಡ್ಡದೆಂದು ಒಪ್ಪಿಕೊಂಡಂತಾಯಿತು.

ಕೊಳ್ಳುವವರು ಇಲ್ಲಿ ಗಮನಿಸಬೇಕಾದದ್ದೊಂದಿದೆ. ಹಳೆಯ ಕಾರ್ಟ್ರಿಜ್ಜು ಮನೆಯ ಸೊತ್ತು. ಮಗನಿಗೆ ಕೊಡಬಹುದು, ನೆರೆಯವರಿಗೆ ಎರವಲು ಕೊಡಬಹುದು. ಇಂದು ಅನೇಕ ಆಟಗಳು ಡಿಸ್ಕಿಲ್ಲದೆ ಬರುತ್ತವೆ. ೨೦೨೩ರ ಮಾರ್ಚಿನಲ್ಲಿ ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಇಂಟರ್ನೆಟ್ ಅಂಗಡಿಯನ್ನು ಮುಚ್ಚಿದಾಗ, ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿಯೇ ಇಲ್ಲವಾಯಿತು. ಅಟಾರಿಯಿಂದ ನೊಂದವರಿಗೆ ಬೇರೆ ಹಾದಿಯಿತ್ತು. ನಿಂಟೆಂಡೊವಿನಿಂದ ಬೇಸತ್ತವರಿಗೆ ಸೋನಿಯ ಬಾಗಿಲು ತೆರೆದಿತ್ತು. ಪೈಪೋಟಿಯ ನಿಜವಾದ ಲಾಭ ಇದು. ಪೆಟ್ಟಿಗೆ ಉಳಿಯಲಿ, ಅಳಿಯಲಿ. ಹೋಗಲು ಇನ್ನೊಂದು ಬಾಗಿಲು ಇರುವವರೆಗೆ ಆಟ ಕಟ್ಟುವವನಿಗೂ ಆಡುವವನಿಗೂ ಮರ್ಯಾದೆ ಉಳಿದೀತು.