ತೋಳಿನ ನರ ಮತ್ತು ಹೊಸೂರು ಸೀಮೆ: ನರಚಾಲನೆ ಚಿಕಿತ್ಸೆಯ ಹಿನ್ನೋಟ

ಕತ್ತಿನಲ್ಲಿ ಹುಟ್ಟಿ ಭುಜ, ಮೊಣಕೈಗಳನ್ನು ಹಾಯ್ದು ಬೆರಳ ತುದಿಗೆ ಇಳಿಯುವ ಸೆಳೆತ, ಜೋಮು ಮತ್ತು ಉರಿಗೆ ಫಿಸಿಯೋಥೆರಪಿಯಲ್ಲಿ ನೀಡುವ ಉಪಚಾರಗಳಲ್ಲಿ ನರಚಾಲನೆಯೂ ಒಂದು. ಕತ್ತು, ಭುಜ, ಮೊಣಕೈ, ಮಣಿಕಟ್ಟುಗಳನ್ನು ಗೊತ್ತಾದ ಕ್ರಮದಲ್ಲಿ ಆಡಿಸಿ, ಸುತ್ತಲಿನ ಮೂಳೆ, ಸ್ನಾಯು, ಪೊರೆಗಳ ನಡುವೆ ನರವು ಸಲೀಸಾಗಿ ಸರಿದಾಡುವಂತೆ ಮಾಡುವುದು ಇದರ ಉದ್ದೇಶ. ಕತ್ತಿನ ಏಳು ಮೂಳೆಗಳ ಆಸುಪಾಸಿನಿಂದ ಎಂಟು ಜೊತೆ ನರಬೇರುಗಳು ಹೊರಡುತ್ತವೆ. ಅವುಗಳಲ್ಲಿ ಕೆಳಗಿನ ನಾಲ್ಕು ಬೇರುಗಳು ಎದೆಭಾಗದ ಮೊದಲ ಬೇರಿನೊಡನೆ ಹೆಣೆದುಕೊಂಡು ತೋಳಿನ ನರಜಾಲವಾಗುತ್ತವೆ. ನೋವು ಕೈಯಲ್ಲಿದ್ದರೂ ಚಿಕಿತ್ಸಕರು ಮೊದಲು ಕತ್ತನ್ನು ಪರೀಕ್ಷಿಸುವುದು ಈ ಕಾರಣದಿಂದ.

ಇಂಥ ನೋವಿನ ಗುರುತು ಭಾರತೀಯ ವೈದ್ಯಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನವು ವಾತವ್ಯಾಧಿಗಳನ್ನು ವಿವರಿಸುವಾಗ ಕಾಲಿಗೆ ಸಂಬಂಧಿಸಿದ ಗೃಧ್ರಸಿಯನ್ನೂ ತೋಳಿಗೆ ಸಂಬಂಧಿಸಿದ ವಿಶ್ವಾಚಿಯನ್ನೂ ಅಕ್ಕಪಕ್ಕದಲ್ಲಿಟ್ಟು, ಎರಡರಲ್ಲೂ ಬೆರಳುಗಳವರೆಗೆ ಹರಡಿದ ಕಂಡರಗಳು, ಅಂದರೆ ದಪ್ಪನೆಯ ಸ್ನಾಯುರಜ್ಜುಗಳು, ಕೆಡುತ್ತವೆಂದು ಹೇಳುತ್ತದೆ. ವಿಶ್ವಾಚಿಯೇ ಇಂದಿನ ನರಬೇರಿನ ನೋವು ಎಂದು ಸಮೀಕರಿಸುವುದು ಅವಸರದ ಮಾತಾದೀತು. ಆದರೂ ಕಾಲಿನ ನೋವನ್ನೂ ತೋಳಿನ ನೋವನ್ನೂ ಒಂದೇ ಬಗೆಯದೆಂದು ಕಂಡ ಆ ದೃಷ್ಟಿ ಗಮನಾರ್ಹ, ಏಕೆಂದರೆ ಆಧುನಿಕ ವೈದ್ಯವು ಕಾಲಿನಿಂದ ತೋಳಿಗೆ ಬರಲು ಸುಮಾರು ನೂರು ವರ್ಷ ತೆಗೆದುಕೊಂಡಿತು.

ಮಲಗಿದ ರೋಗಿಯ ಕಾಲನ್ನು ನೇರವಾಗಿ ಮೇಲೆತ್ತಿ ಸೊಂಟದ ನರವನ್ನು ಪರೀಕ್ಷಿಸುವ ಕ್ರಮವನ್ನು ಸರ್ಬಿಯಾದ ವೈದ್ಯ ಲಾಜಾ ಲಾಜರೆವಿಚ್ 1880ರಲ್ಲಿ ವಿವರಿಸಿದರು. ಪ್ಯಾರಿಸ್ಸಿನ ಲಾಸೆಗ್ ಅವರ ಹೆಸರಿನಲ್ಲಿ ಅವರ ಶಿಷ್ಯ ಫೋರ್ಸ್ಟ್ ಅದನ್ನು 1881ರಲ್ಲಿ ಪ್ರಕಟಿಸಿದರು. ತೋಳಿನ ನರದ ಮಟ್ಟಿಗೆ ಆ ಕಾಲದ ಉಪಾಯ ಶಸ್ತ್ರಕ್ರಿಯೆಯೇ ಆಗಿತ್ತು. ಮ್ಯೂನಿಕ್ಕಿನ ಶಸ್ತ್ರವೈದ್ಯ ನುಸ್‌ಬೌಮ್ 1872ರಲ್ಲಿ ತೋಳಿನ ನರಜಾಲವನ್ನು ಕೊಯ್ದು ತೆರೆದು ಕೈಯಿಂದಲೇ ಹಿಗ್ಗಿಸಿದ್ದರು. ಲಂಡನ್ನಿನಲ್ಲಿ ಜಾನ್ ಮಾರ್ಷಲ್ 1883ರ ಉಪನ್ಯಾಸವೊಂದನ್ನು ಈ ನರ ಹಿಗ್ಗಿಸುವಿಕೆಗೇ ಮೀಸಲಿಟ್ಟರು. ನರವನ್ನು ಎಳೆದರೆ ನೋವು ತಗ್ಗುತ್ತದೆಂಬ ಆ ನಂಬಿಕೆ ಹೆಚ್ಚು ಕಾಲ ನಿಲ್ಲಲಿಲ್ಲ.

ಸ್ವೀಡನ್ನಿನ ನರಶಸ್ತ್ರಜ್ಞ ಆಲ್ಫ್ ಬ್ರೇಗ್ 1960 ಮತ್ತು 1978ರ ಗ್ರಂಥಗಳಲ್ಲಿ, ದೇಹ ಬಾಗಿದಾಗ ಮತ್ತು ನೆಟ್ಟಗಾದಾಗ ಮಿದುಳುಬಳ್ಳಿಯೂ ಅದರ ಪೊರೆಗಳೂ ಹೇಗೆ ಬಿಗಿಯಾಗುತ್ತವೆ, ಹೇಗೆ ಸಡಿಲಗೊಳ್ಳುತ್ತವೆ ಎಂಬುದನ್ನು ತೋರಿಸಿದ ಮೇಲೆ, ಕೊಯ್ಯದೆಯೇ ನರವನ್ನು ಚಲಿಸುವಂತೆ ಮಾಡುವ ಆಲೋಚನೆಗೆ ಆಧಾರ ದೊರೆಯಿತು. ಆಸ್ಟ್ರೇಲಿಯಾದ ಪರ್ತ್ ನಗರದ ಫಿಸಿಯೋಥೆರಪಿಸ್ಟ್ ರಾಬರ್ಟ್ ಎಲ್ವಿ 1979ರಲ್ಲಿ ತೋಳಿಗೂ ಒಂದು ಪರೀಕ್ಷೆಯನ್ನು ಮುಂದಿಟ್ಟರು. ಈ ಪರೀಕ್ಷೆಯ ಇಂದಿನ ರೂಪದಲ್ಲಿ ಚಿಕಿತ್ಸಕರು ರೋಗಿಯನ್ನು ಅಂಗಾತ ಮಲಗಿಸಿ, ಭುಜ ಮೇಲೇರದಂತೆ ತಡೆದು, ತೋಳನ್ನು ಪಕ್ಕಕ್ಕೆ ಚಾಚಿ ಹೊರಕ್ಕೆ ತಿರುಗಿಸಿ, ಅಂಗೈ ಮೇಲ್ಮುಖವಾಗುವಂತೆ ಮಣಿಕಟ್ಟು ಮತ್ತು ಬೆರಳುಗಳನ್ನು ಹಿಂದಕ್ಕೆ ಬಾಗಿಸಿ, ಕೊನೆಗೆ ಮೊಣಕೈಯನ್ನು ನಿಧಾನವಾಗಿ ನೆಟ್ಟಗೆ ಮಾಡುತ್ತಾರೆ. ಆಗ ರೋಗಿಗೆ ಪರಿಚಿತವಾದ ಅದೇ ನೋವು ಕಾಣಿಸಿಕೊಂಡು, ಕತ್ತನ್ನು ಆ ಕಡೆ ಈ ಕಡೆ ಬಾಗಿಸಿದಾಗ ಹೆಚ್ಚು ಕಡಿಮೆಯಾದರೆ, ನರದ ಮೇಲೆ ಅನುಮಾನ ಬಲವಾಗುತ್ತದೆ. ಡೇವಿಡ್ ಬಟ್ಲರ್ ಅವರ 1991ರ ಪುಸ್ತಕದ ಮೂಲಕ ಈ ವಿಧಾನ ಅನೇಕ ದೇಶಗಳ ತರಗತಿಗಳನ್ನು ತಲುಪಿತು.

ಅಲ್ಲಿಂದ ಮುಂದಿನ ಬದಲಾವಣೆಯೇ ಈ ಇತಿಹಾಸದ ಮುಖ್ಯ ಘಟ್ಟ. ನರದ ಒಂದು ತುದಿಯನ್ನು ಬಿಗಿ ಮಾಡುವಾಗಲೇ ಇನ್ನೊಂದು ತುದಿಯನ್ನು ಸಡಿಲಬಿಟ್ಟು ಅದನ್ನು ಜಾರಿಸುವ ಕ್ರಮವನ್ನೂ, ಎರಡೂ ತುದಿಗಳನ್ನು ಬಿಗಿಗೊಳಿಸುವ ಕ್ರಮವನ್ನೂ ಕೊಪ್ಪಿಟರ್ಸ್ ಮತ್ತು ಬಟ್ಲರ್ 2008ರಲ್ಲಿ ಶವಗಳ ಮೇಲೆ ಹೋಲಿಸಿ ಅಳೆದರು. ಮಣಿಕಟ್ಟಿನ ಬಳಿ ಮಧ್ಯನರವು ಜಾರಿಸಿದಾಗ 12.6 ಮಿಲಿಮೀಟರ್ ಸರಿಯಿತು, ಬಿಗಿದಾಗ 6.1 ಮಿಲಿಮೀಟರ್ ಮಾತ್ರ. ನರದ ಹಿಗ್ಗು ಮಾತ್ರ ಜಾರಿಸಿದಾಗ ಶೇಕಡಾ 0.8, ಬಿಗಿದಾಗ ಶೇಕಡಾ 6.8. ಕೆರಳಿದ ನರವನ್ನು ಎಳೆಯದೆಯೇ ಹೆಚ್ಚು ಸರಿದಾಡಿಸಬಹುದೆಂಬ ಈ ಅರಿವು ನುಸ್‌ಬೌಮ್ ಕಾಲದ ನಂಬಿಕೆಗೆ ನೇರ ಉತ್ತರವಾಗಿತ್ತು. 2017ರ ಒಂದು ವ್ಯವಸ್ಥಿತ ಪರಾಮರ್ಶೆಯು ನರಸಂಬಂಧಿ ಕತ್ತು-ತೋಳಿನ ನೋವಿಗೆ ಈ ಚಿಕಿತ್ಸೆಯನ್ನು ಸಮರ್ಥಿಸಿತು. ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತುವ ತೊಂದರೆಗೆ ಅಷ್ಟು ಗಟ್ಟಿಯಾದ ಸಮರ್ಥನೆ ದೊರೆಯಲಿಲ್ಲ.

ಇನ್ನು ಹೊಸೂರು ಸೀಮೆಯ ಮಾತು. ಹೊಸೂರು ಸೇರಿರುವ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಇಂಥ ಚಿಕಿತ್ಸೆಯ ಪರಂಪರೆ ಎರಡು ದಿಕ್ಕುಗಳಲ್ಲಿ ಹತ್ತಿರವಿದೆ. ಪೂರ್ವದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಪಾಲ್ ಬ್ರಾಂಡ್ ಕುಷ್ಠದಿಂದ ಮಡಿಚಿಹೋದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ವ್ಯಾಯಾಮದಿಂದ ಅವುಗಳಿಗೆ ಕೆಲಸ ಕಲಿಸಿದರು. 1954ರ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕುಳಿತೇ ಪುನಶ್ಚೇತನ ವಿಭಾಗವನ್ನು ಕಟ್ಟಿದರು. ಪಶ್ಚಿಮಕ್ಕೆ, ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ಮನೋರೋಗ ಮತ್ತು ನರರೋಗಗಳ ಚಿಕಿತ್ಸೆಯ ಸಂಸ್ಥೆಯಾದ ನಿಮ್ಹಾನ್ಸ್ ಇದೆ.

ಕತ್ತು-ತೋಳಿನ ಇಂಥ ನೋವಿಗೆ ಕಾರಣವಾಗಬಲ್ಲ ದುಡಿಮೆಯಂತೂ ಈ ಸೀಮೆಯಲ್ಲಿ ಹೇರಳ. 1980ರ ದಶಕದಲ್ಲಿ ಹೊಸೂರಿನಲ್ಲಿ ವಾಹನ ಮತ್ತು ಕೈಗಡಿಯಾರದ ಕಾರ್ಖಾನೆಗಳು ಬೆಳೆದಾಗ, ತಲೆ ಬಗ್ಗಿಸಿ ಕೈಬೆರಳಿನಲ್ಲಿ ಮಾಡುವ ಸೂಕ್ಷ್ಮ ಕೆಲಸವೂ ಬೆಳೆಯಿತು. ಕೃಷ್ಣಗಿರಿಯ ಮಾವಿನ ತೋಪಿನಲ್ಲಿ ಕಾಯಿ ಕೀಳುವವರ ಭಂಗಿ ಇದಕ್ಕೆ ತದ್ವಿರುದ್ಧ: ಕತ್ತು ಹಿಂದಕ್ಕೆ, ತೋಳು ಮೇಲಕ್ಕೆ. ಕತ್ತು ಹಿಂದಕ್ಕೆ ಬಾಗಿದಾಗ ನರಬೇರು ಹೊರಬರುವ ಕಿಂಡಿ ಕಿರಿದಾಗುವುದರಿಂದ, ಮೊದಲೇ ಸವೆದ ಕತ್ತಿಗೆ ಈ ಭಂಗಿ ಇನ್ನೂ ಕಷ್ಟದ್ದು.

ತಮಿಳುನಾಡು ಸರ್ಕಾರವು ‘ಮಕ್ಕಳೈ ತೇಡಿ ಮರುತ್ತುವಂ’, ಅಂದರೆ ಜನರನ್ನು ಅರಸಿ ಹೋಗುವ ವೈದ್ಯಕೀಯ ಎಂಬ ಯೋಜನೆಯನ್ನು 2021ರ ಆಗಸ್ಟ್ 5ರಂದು ಇದೇ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಔಷಧಿಯೊಂದಿಗೆ ಫಿಸಿಯೋಥೆರಪಿಯನ್ನೂ ಮನೆಬಾಗಿಲಿಗೆ ಒಯ್ಯುವುದು ಅದರ ವಿಶೇಷ. ನರಚಾಲನೆಯಂಥ ಚಿಕಿತ್ಸೆಗೆ ಮನೆಯ ಭೇಟಿ ಒಂದು ಕಾರಣಕ್ಕೆ ಅನುಕೂಲ: ಎಲ್ವಿಯ ಪರೀಕ್ಷೆಯಲ್ಲಿ ಯಂತ್ರವಿಲ್ಲ, ರೋಗಿಯ ಉತ್ತರವೇ ಅಳತೆ. ಇದೇ ಜಿಲ್ಲೆಯ ತಳಿ, ಅಂಚೆಟ್ಟಿ, ದೇಂಕನಿಕೋಟೆಗಳ ಸುತ್ತ ಆ ಉತ್ತರ ಕನ್ನಡದಲ್ಲೋ ತೆಲುಗಿನಲ್ಲೋ ಬರಬಹುದು. ಜೋಮು ಯಾವ ಬೆರಳಿಗೆ ಇಳಿಯಿತು, ಸೆಳೆತ ಎಲ್ಲಿ ನಿಂತಿತು ಎಂಬುದನ್ನು ರೋಗಿ ತನ್ನ ಮಾತಿನಲ್ಲೇ ಹೇಳಿ ಚಿಕಿತ್ಸಕರು ನೇರವಾಗಿ ತಿಳಿದುಕೊಂಡರೆ ಯಾವ ಚಲನೆಯನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದು ಗೊತ್ತಾಗುತ್ತದೆ, ಮತ್ತು ಕೈಯ ಹಿಡಿತ ಸೋಲುತ್ತಿದೆ ಅಥವಾ ನಡಿಗೆ ತಪ್ಪುತ್ತಿದೆ ಎಂಬ ಮಾತು ಕೇಳಿಬಂದರೆ ಚಲನೆಯನ್ನು ಬಿಟ್ಟು ರೋಗಿಯನ್ನು ತಡಮಾಡದೆ ನರತಜ್ಞರ ಬಳಿಗೆ ಕಳುಹಿಸಬೇಕಾಗುತ್ತದೆ.